ವಲ್ಲಿಯ ಕೆಳಗಿನ ಕುಲಪತಿ

ತಾನು ಮಾಡುತ್ತಿರುವ ಕೆಲಸ ಏನೆಂದು ಗೊತ್ತಿದ್ದವನಿಗೆ ಮಧ್ಯಾಹ್ನದ ಊಟ ರುಚಿಸುತ್ತದೆ. ಈ ಮಾತನ್ನು ಹಿರಿಯರು ಯಾರಾದರೂ ಹೇಳಿದ್ದಾರೋ ಇಲ್ಲವೋ ತಿಳಿಯದು. ಹೇಳಿರದಿದ್ದರೆ ನಾನೇ ಹೇಳಿದೆ ಎಂದು ಇಟ್ಟುಕೊಳ್ಳಿ. ಸವಣೂರಿನ ಹತ್ತಿ ಜಿನ್ನಿನಲ್ಲಿ ನಾನು ಇಪ್ಪತ್ತೆರಡು ವರ್ಷ ಇದ್ದೆ. ತೂಕದ ಗುಮಾಸ್ತನಾಗಿ ಸೇರಿ, ಖರೀದಿಯವನಾಗಿ, ಕೊನೆಗೆ ಮ್ಯಾನೇಜರನಾದೆ. ಅಷ್ಟು ವರ್ಷವೂ ಊಟ ರುಚಿಸಿತು. ಬಂಡಿಯಲ್ಲಿ ಹತ್ತಿ ಬರುತ್ತಿತ್ತು, ಯಂತ್ರ ಕಾಳನ್ನು ಬೇರೆ ಅರಳೆಯನ್ನು ಬೇರೆ ಮಾಡುತ್ತಿತ್ತು, ಅರಳೆಯನ್ನು ಒತ್ತಿ ಅಂಡಿಗೆ ಕಟ್ಟಿ, ಗುರುತು ಬರೆದು ಯಲವಿಗಿ ಸ್ಟೇಷನ್ನಿಗೆ ಕಳಿಸುತ್ತಿದ್ದೆವು. ಗಾಡಿ ಹೋಯಿತೆಂದರೆ ಕೈ ತೊಳೆದು ರೊಟ್ಟಿಗೆ ಕೂಡುವುದು. ಇಂಥ ನನ್ನನ್ನು ಹಿಡಿದು ಶಿಗ್ಗಾವಿಯ ಸಾರ್ವಜನಿಕ ವಿದ್ಯಾಪೀಠಕ್ಕೆ ಕುಲಪತಿ ಮಾಡಿದರು. ಜೂನ್ ತಿಂಗಳಲ್ಲಿ ಹುಡುಗರು ಬರುತ್ತಾರೆ ಎಂಬಲ್ಲಿಯವರೆಗೆ ನನಗೆ ತಿಳಿಯಿತು. ಅವರಲ್ಲಿ ಯಾವುದನ್ನು ಯಾವುದರಿಂದ ಬೇರೆ ಮಾಡಬೇಕು, ಏನನ್ನು ಒತ್ತಿ ಕಟ್ಟಬೇಕು, ಯಾವ ಸ್ಟೇಷನ್ನಿಗೆ ಕಳಿಸಬೇಕು ಎಂಬುದು ಇವತ್ತಿಗೂ ಸರಿಯಾಗಿ ತಿಳಿದಿಲ್ಲ.

ವಿದ್ಯಾಪೀಠ ಎಂದೊಡನೆ ನೀವು ದೊಡ್ಡ ಗೋಪುರವನ್ನು ಕಲ್ಪಿಸಿಕೊಳ್ಳಬಾರದು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕಿನ ಜನ ಕೂಡಿ ಕಟ್ಟಿದ ಆರು ಕೋಣೆಯ ಕಟ್ಟಡ ಅದು. ಕೋಣೆ ಆರಾದರೂ ಹೆಸರು ದೊಡ್ಡದಿರಲಿ ಎಂದು ಮೊದಲ ಸಭೆಯಲ್ಲಿಯೇ ಠರಾವಾಗಿತ್ತು. ಎರಡು ವರ್ಷದಲ್ಲಿ ಇಬ್ಬರು ಕುಲಪತಿಗಳು ಆಗಿಹೋಗಿದ್ದರು. ಮೊದಲನೆಯವರು ಚಳವಳಿಗೆ ಇಳಿದು ಜೈಲಿಗೆ ಹೋದರು. ಎರಡನೆಯವರು ವಕೀಲಿ ಮಾಡಲು ಧಾರವಾಡಕ್ಕೆ ಹೋದರು. ಎಲ್ಲಿಗೂ ಹೋಗುವ ಯೋಗ್ಯತೆ ಇಲ್ಲದ ಮನುಷ್ಯನನ್ನು ಹುಡುಕುತ್ತ ಅಧ್ಯಕ್ಷರಾದ ಹಿರೇಬೆಂಡಿಗೇರಿಯ ಚನ್ನಬಸಪ್ಪನವರು ನಮ್ಮ ಮನೆಗೆ ಬಂದರು.

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಸಾಲೆ ಬಿಟ್ಟವನು, ಇಂಗ್ಲಿಷಿನಲ್ಲಿ ಅಂಡಿಗೆಯ ಗುರುತು ಬಿಟ್ಟರೆ ಬೇರೇನೂ ಓದಲಾರೆ ಎಂದು ಹೇಳಿ ನೋಡಿದೆ. ಅವರು ಅಡಿಕೆ ಕತ್ತರಿಸುತ್ತ, “ಕಲಸಾಕ ಬ್ಯಾರೆ ಮಂದಿ ಅದಾರ್ರಿ. ಎರಡನೂರು ಆಳು ಸಂಬಾಳಿಸಿದವ್ರು ನೀವು. ನೀವು ಬರೇ ನಡಸ್ರಿ. ಆರು ತಿಂಗಳು, ಅಷ್ಟರಾಗ ಮತ್ತೊಬ್ಬರನ್ನ ನೋಡ್ತೇವಿ,” ಎಂದರು. ಜಿನ್ನಿನ ಮಾಲಕರು ಅವರ ಬೀಗರು. ಸುಗ್ಗಿ ಇಲ್ಲದ ಆರು ತಿಂಗಳು ನನ್ನನ್ನು ಎರವಲು ಕೊಡಲು ಅವರು ಮೊದಲೇ ಒಪ್ಪಿದ್ದರಂತೆ. ಮನೆಯಾಕೆ ಒಳಗಿನಿಂದ ಎಲ್ಲ ಕೇಳಿಸಿಕೊಂಡು, ಅಧ್ಯಕ್ಷರ ಬಂಡಿ ತಿರುವು ದಾಟಿದ ಮೇಲೆ ಕೇಳಿದಳು: “ಕಲಿಯೂದು ಬಿಟ್ಟು ಮೂವತ್ತು ವರ್ಷಾತು, ಕಲಸೂದು ಬರೂದಿಲ್ಲ. ಮತ್ತ ನಡಸೂದು ಏನನ್ನ?” ಉತ್ತರಕ್ಕೆ ಅವಳು ಕಾಯಲಿಲ್ಲ. ಶಿಗ್ಗಾವಿಗೆ ಬರುವಾಗ ಆರು ತಿಂಗಳಿಗೆ ಬೇಕಾದಷ್ಟು ಪಾತ್ರೆಗಳನ್ನು ಮಾತ್ರ ಹೊರಗಿಟ್ಟು, ಉಳಿದದ್ದನ್ನೆಲ್ಲ ಗೋಣಿತಟ್ಟಿನಲ್ಲಿ ಗಂಟು ಕಟ್ಟಿ ತಂದು ಹಾಗೆಯೇ ಮೂಲೆಗೆ ಒರಗಿಸಿದಳು. ದೊಡ್ಡ ರೊಟ್ಟಿ ಹಂಚು ಆ ಗಂಟಿನಲ್ಲಿತ್ತು. ಸಣ್ಣ ಹಂಚಿನಲ್ಲಿ ಬೆಂದ ಅಂಗೈಯಗಲದ ರೊಟ್ಟಿಗಳನ್ನು ತಿನ್ನುತ್ತ ನಾನು ಕುಲಪತಿತನ ಆರಂಭಿಸಿದೆ.

ಮೊದಲ ದಿನ ಹೋಗಿ ಏನು ಮಾಡಬೇಕೆಂದು ತೋಚದೆ, ಜಿನ್ನಿನಲ್ಲಿ ದಿನಾ ಮಾಡುತ್ತಿದ್ದುದನ್ನೇ ಮಾಡಿದೆ: ಬೆಂಕಿಯ ಬಕೀಟು ಎಲ್ಲಿವೆ ಎಂದು ಕೇಳಿದೆ. ಇರಲಿಲ್ಲ. ಪುಸ್ತಕಕ್ಕೂ ಹತ್ತಿಗೂ ಬೆಂಕಿಯ ವಿಷಯದಲ್ಲಿ ಏನೂ ವ್ಯತ್ಯಾಸವಿಲ್ಲ ಎಂದು ನನಗೆ ಖಾತ್ರಿಯಿದ್ದುದರಿಂದ, ಮಧ್ಯಾಹ್ನದೊಳಗೆ ಎಂಟು ಕೆಂಪು ಬಕೀಟುಗಳಲ್ಲಿ ಉಸುಕು ತುಂಬಿಸಿ ಪಡಸಾಲೆಯಲ್ಲಿ ತೂಗುಹಾಕಿಸಿದೆ. ನೂರು ಹೆಜ್ಜೆಯೊಳಗೆ ಯಾರೂ ಬೀಡಿ ಸೇದಬಾರದೆಂದು ಹಲಗೆ ಬರೆಸಿದೆ. ಕನ್ನಡದ ಪಂಡಿತರು ಒಂದು ಪದ್ಯಕ್ಕೂ ಇನ್ನೊಂದು ಪದ್ಯಕ್ಕೂ ನಡುವೆ ಬೀಡಿ ಸೇದುವವರು. ಪಾಪ, ಹೆಜ್ಜೆ ಎಣಿಸುತ್ತ ಹುಣಸೆಮರದವರೆಗೆ ಹೋಗಿ ಬರತೊಡಗಿದರು. ತನಿಖೆಗೆ ಬಂದ ಅಧಿಕಾರಿಗಳು ನಮ್ಮ ವಿದ್ಯಾಪೀಠದ ಬಗ್ಗೆ ಎರಡು ಪುಟ ಬರೆದರಂತೆ. ಅದರಲ್ಲಿ ಮೆಚ್ಚುಗೆಯ ಮಾತು ಒಂದೇ ಇತ್ತು, ಅದು ಬಕೀಟುಗಳ ಬಗ್ಗೆ.

ಹುಡುಗರ ಅಭ್ಯಾಸ ನೋಡಲು ಹೋದಾಗಲೂ ಹೀಗೆಯೇ. ಹತ್ತಿ ಕೊಳ್ಳುವವನು ಚೀಲದ ಮೇಲಿನ ಹತ್ತಿಯನ್ನು ನೋಡುವುದಿಲ್ಲ, ಅಲ್ಲಿ ಒಳ್ಳೆಯದನ್ನೇ ಇಟ್ಟಿರುತ್ತಾರೆ. ತಳಕ್ಕೂ ಹೋಗುವುದಿಲ್ಲ, ಅಲ್ಲಿ ಕಸ ಇರುವುದು ಲೋಕಕ್ಕೇ ಗೊತ್ತು. ನಡುವೆ ಕೈ ಹಾಕಿ ಒಂದು ಹಿಡಿ ಎಳೆಯುತ್ತಾನೆ. ನಾನೂ ನಡುವಿನ ಸಾಲಿನವರನ್ನೇ ಎಬ್ಬಿಸಿ ಪ್ರಶ್ನೆ ಕೇಳಿಸತೊಡಗಿದೆ. ಒಂದು ವಾರ ಕಳೆಯುವುದರೊಳಗೆ ನಡುವಿನ ಸಾಲು ಖಾಲಿ! ಅರ್ಧ ಜನ ಮುಂದೆ, ಅರ್ಧ ಜನ ಹಿಂದೆ. ಹತ್ತಿ ಹೀಗೆ ಎಂದೂ ಮಾಡಿರಲಿಲ್ಲ.

ಇಷ್ಟಾದರೂ ದಿನಗಳು ಹೇಗೋ ಸರಿದವು. ದೀಪಾವಳಿ ಕಳೆದ ಮೇಲೆ ಗಣಿತದ ಮೌಲಾಸಾಹೇಬ ಮಾಸ್ತರರು ರಾಜೀನಾಮೆ ಕೊಟ್ಟರು. ಅವರು ಸವಣೂರಿನವರೇ, ಬೆಳಗಾವಿಯ ಕಡೆಯಿಂದ ಕರೆ ಬಂದಿತ್ತು. ಗಣಿತದ ಮಾಸ್ತರರು ಇಲ್ಲದಿದ್ದರೆ ನಮಗಿದ್ದ ಮಾನ್ಯತೆ ಹೋಗುತ್ತದೆ, ಮಾನ್ಯತೆ ಹೋದರೆ ಕೊನೆಯ ವರ್ಗದ ಹನ್ನೊಂದು ಹುಡುಗರು ಪರೀಕ್ಷೆಗೆ ಕೂಡುವಂತಿಲ್ಲ, ಅವರು ಕೂಡದಿದ್ದರೆ ಬರುವ ಜೂನ್‌ನಲ್ಲಿ ಬೀಗ. ಇದಿಷ್ಟು ಮಾತ್ರ ನನಗೆ ಯಾವ ಗೊಂದಲವೂ ಇಲ್ಲದೆ ಅರ್ಥವಾಯಿತು. ಮಾಸ್ತರರನ್ನು ಕರೆದು ಕಾರಣ ಕೇಳಿದೆ. ಮನೆಯ ತೊಂದರೆ ಎಂದರು. ಪಂಡಿತರನ್ನು ಹುಣಸೆಮರದ ಕೆಳಗೆ ಹಿಡಿದು ಕೇಳಿದಾಗ ನಿಜ ಹೊರಬಿತ್ತು. ಕುಲಪತಿಗಳು ಬರುತ್ತಾರೆ, ವೇಳಾಪತ್ರಿಕೆ ತಿರುವಿಹಾಕುತ್ತಾರೆ, ಹೋಗುತ್ತಾರೆ. ನಾಲ್ಕನೆಯವರಿಗೂ ನಮಸ್ಕಾರ ಮಾಡುವಷ್ಟು ಬಗ್ಗುವ ಸೊಂಟ ತಮ್ಮದಲ್ಲ ಎಂದು ಮಾಸ್ತರರು ಅಂದಿದ್ದರಂತೆ. ನಾನು ಮೂರನೆಯವನು. ಆ ಹೊತ್ತಿಗೆ ನನ್ನ ಅಂಗಿಯ ಕಿಸೆಯಲ್ಲಿ ಮಾಲಕರ ಕಾಗದವಿತ್ತು: ಹತ್ತಿ ಬರುವ ಹೊತ್ತಾಯಿತು, ಸಂಕ್ರಾಂತಿಗೆ ಬಂದು ನಿಮ್ಮ ಕುರ್ಚಿಯಲ್ಲಿ ಕೂಡಿರಿ ಎಂದು. ಅದನ್ನು ಓದಿದ ದಿನ ಊಟ ರುಚಿಸಿತ್ತು, ಸುಳ್ಳೇಕೆ ಹೇಳಲಿ.

ಅಧ್ಯಕ್ಷರು ಸಭೆ ಕರೆದರು. ನಾಲ್ಕೂ ತಾಲೂಕಿನ ಪಂಚರು ಬಂದು ಜಮಖಾನೆಯ ಮೇಲೆ ಕುಳಿತರು. ಮಾಸ್ತರರನ್ನು ನನ್ನ ಪಕ್ಕದಲ್ಲಿ ಕೂರಿಸಿದರು. ಇಲ್ಲಿ ನಾನು ನಿಮಗೆ ಪೇಟೆಯ ಒಂದು ರೀತಿ ಹೇಳಬೇಕು. ನಮ್ಮಲ್ಲಿ ದರವನ್ನು ಬಾಯಿಂದ ಮಾತಾಡುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈ ಮೇಲೆ ಹಾಸಿ, ಅದರ ಕೆಳಗೆ ಬೆರಳು ಹಿಡಿದು ಕೇಳುತ್ತಾರೆ, ಬೆರಳು ಹಿಡಿದೇ ಹೇಳುತ್ತಾರೆ; ಹಿಡಿದ ಬೆರಳೆಷ್ಟೋ ಮಾತು ಅಷ್ಟು. ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮಾತ್ರ. ಗುಟ್ಟಿಗಾಗಿ ಎಂದು ಜನ ತಿಳಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಾಯಿಂದ ನಾಲ್ಕು ಜನರೆದುರು ‘ಒಲ್ಲೆ’ ಅಂದವನಿಗೆ ತಿರುಗಿ ಬರಲು ದಾರಿ ಇರುವುದಿಲ್ಲ, ಮಾನ ಅಡ್ಡ ಬರುತ್ತದೆ. ಬೆರಳು ಅಂದ ‘ಒಲ್ಲೆ’ಯನ್ನು ಬೆರಳೇ ತಿದ್ದಿಕೊಳ್ಳಬಹುದು. ನೋಡಿದವರು ಯಾರು? ಆದರೆ ಒಮ್ಮೆ ಕುದುರಿ ವಲ್ಲಿ ಎತ್ತಿದ ಮೇಲೆ ಆ ಮಾತಿನಿಂದ ತಪ್ಪಿದವನನ್ನು ನಾನು ಕಂಡಿಲ್ಲ.

ಚನ್ನಬಸಪ್ಪನವರು ಗಂಟಲು ಸರಿಮಾಡಿಕೊಂಡು, “ಮಾಸ್ತರ, ಇರ್ತೀರೋ ಹೋಗ್ತೀರೋ, ಎಲ್ಲಾರ ಮುಂದ ಹೇಳಿಬಿಡ್ರಿ. ಬರಕೊಂತೇವಿ,” ಎಂದರು.

ಮಾಸ್ತರರ ತುಟಿ ಬಿಚ್ಚುತ್ತಿರುವುದು ನನಗೆ ಕಂಡಿತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಹನ್ನೊಂದು ಹುಡುಗರ ಗತಿ ದಫ್ತರದಲ್ಲಿ ಬರೆದುಹೋಗುತ್ತಿತ್ತು. ಏನು ಮಾಡುತ್ತಿದ್ದೇನೆಂದು ತಿಳಿಯುವುದರೊಳಗೆ ನನ್ನ ಕೈ ವಲ್ಲಿಯನ್ನು ಎಳೆದು ಅವರ ಅಂಗೈ ಮೇಲೆ ಹಾಸಿಬಿಟ್ಟಿತ್ತು. ಕುಲಪತಿಯೊಬ್ಬ ಗಣಿತಜ್ಞನ ಕೈಯನ್ನು ದನದ ಸಂತೆಯಲ್ಲಿ ಹಿಡಿದಂತೆ ಹಿಡಿದು ಕುಳಿತಿದ್ದಾನೆ! ಹಾನಗಲ್ಲಿನ ಪಂಚರು ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈಯನ್ನು ಅಲ್ಲಿಯೇ ನಿಲ್ಲಿಸಿದರು. ನಾನು ಬಗ್ಗಿ, ವರ್ಷದ ಮಾತು ಎಂದು ಮಾಸ್ತರರ ಕಿವಿಯಲ್ಲಿ ಹೇಳಿ, ಅವರ ಎರಡು ಬೆರಳು ಹಿಡಿದೆ.

ಅವರಿಗೆ ಈ ಭಾಷೆ ಬರುತ್ತದೋ ಇಲ್ಲವೋ ಎಂಬ ಯೋಚನೆ ಆಗ ಬಂತು. ಅವರ ತಂದೆ ಎತ್ತಿನ ದಲಾಲಿ ಮಾಡಿದವರೆಂದು ನೆನಪಾಗಿ ಜೀವ ಬಂತು. ಮಾಸ್ತರರು ಕೈ ಎಳೆದುಕೊಳ್ಳಲಿಲ್ಲ, ತಿರುಗಿ ಹಿಡಿಯಲೂ ಇಲ್ಲ. ನನ್ನ ಕಡೆ ವಾಲಿ, ನನಗೊಬ್ಬನಿಗೇ ಕೇಳುವಂತೆ, “ನನ್ನದು ಎರಡಾತ್ರಿ ಮ್ಯಾನೇಜರ್ ಸಾಹೇಬ್ರ. ನಿಮ್ಮದೆಷ್ಟು?” ಎಂದರು.

ಇಪ್ಪತ್ತೆರಡು ವರ್ಷದಲ್ಲಿ ಈ ಪ್ರಶ್ನೆಯನ್ನು ವಲ್ಲಿಯ ಕೆಳಗೆ ಯಾರೂ ನನಗೆ ಕೇಳಿರಲಿಲ್ಲ. ನಾನು ಕೊಂಡದ್ದು, ಮಾರಿದ್ದು ಎಲ್ಲ ಬೇರೆಯವರ ಮಾಲು. ಕಿಸೆಯ ಕಾಗದ ಎದೆಗೆ ಚುಚ್ಚಿತು. ಜಿನ್ನಿನ ಸದ್ದು, ಯಲವಿಗಿಯ ಗಾಡಿ, ನನ್ನ ಕುರ್ಚಿ ಎಲ್ಲ ಕಣ್ಣ ಮುಂದೆ ಬಂದವು. ಸುಳ್ಳು ಬೆರಳು ಕೊಡಬಹುದಿತ್ತು. ಕೊಡಲು ಬರಲಿಲ್ಲ. ನನ್ನ ಎರಡು ಬೆರಳನ್ನು ಅವರ ಮುಷ್ಟಿಯೊಳಗೆ ಇಟ್ಟೆ. ಅವರು ಒಮ್ಮೆ ಬಿಗಿಯಾಗಿ ಒತ್ತಿದರು. ನಾನು ವಲ್ಲಿ ಎತ್ತಿದೆ.

ಏನಾಯಿತೆಂದು ಅಧ್ಯಕ್ಷರು ಕೇಳಿದರು. ಕುದುರಿತು ಎಂದೆ. ಏನು ಕುದುರಿತೆಂದು ದಫ್ತರದಲ್ಲಿ ಬರೆದುಕೊಳ್ಳಲು ಅವರಿಗೂ ತಿಳಿಯಲಿಲ್ಲ, ಬಿಡಿಸಿ ಹೇಳಲು ನನಗೂ ತಿಳಿಯಲಿಲ್ಲ. ಚಹಾ ತರಿಸಿದರು.

ಮನೆಗೆ ಬಂದು ಮಾಸ್ತರರು ಎರಡು ವರ್ಷ ಉಳಿಯುತ್ತಾರೆ ಎಂದು ದೊಡ್ಡ ದನಿಯಲ್ಲಿ ಹೇಳಿದೆ. ನಾನೂ ಉಳಿಯುತ್ತೇನೆ ಎಂಬುದನ್ನು ಸಣ್ಣ ದನಿಯಲ್ಲಿ ಸೇರಿಸಿದೆ. ಮನೆಯಾಕೆ ಕಾಳು ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು, “ಯಾರು ಯಾರನ್ನ ಉಳಿಸಿಕೊಂಡ್ರಿ?” ಎಂದು ಕೇಳಿದಳು. ಈ ಸಲವೂ ಉತ್ತರಕ್ಕೆ ಕಾಯಲಿಲ್ಲ. ಅವಳು ಎದ್ದು ಮೂಲೆಯ ಗೋಣಿ ಗಂಟನ್ನು ನಡುಮನೆಗೆ ಎಳೆದು, ಹಲ್ಲು ಹಚ್ಚಿ ಹಗ್ಗ ಬಿಚ್ಚಿ, ದೊಡ್ಡ ರೊಟ್ಟಿ ಹಂಚನ್ನು ಹೊರತೆಗೆದಳು. ಅದನ್ನು ಸೆರಗಿನಿಂದ ಒರೆಸತೊಡಗಿದಳು. ಅವಳಿಗೆ ಸಿಟ್ಟು ಬಂದಿದೆಯೋ ಸಂತೋಷವಾಗಿದೆಯೋ ತಿಳಿಯದೆ ನಾನು ಬಾಗಿಲಲ್ಲಿಯೇ ನಿಂತಿದ್ದೆ. ಕೇಳಿ ತಿಳಿದುಕೊಳ್ಳುವ ವಿದ್ಯೆ ನನಗೆ ಗೊತ್ತಿತ್ತು, ವಲ್ಲಿ ಹೆಗಲ ಮೇಲೆಯೇ ಇತ್ತು. ಆದರೆ ಅವಳು ನನ್ನ ಎಷ್ಟು ಬೆರಳು ಹಿಡಿದಾಳೋ ಎಂದು ಹೆದರಿ, ಕೈ ತೊಳೆದುಕೊಂಡು ಸುಮ್ಮನೆ ರೊಟ್ಟಿಗೆ ಕುಳಿತೆ.