ಗೋಡೆಯ ಗಂಡ

ಎರಡು ಸಾವಿರದ ಎಂಟನೇ ಇಸವಿಯ ಅಕ್ಟೋಬರಿನಲ್ಲಿ ನಮ್ಮ ದೇಶದವರು ಚಂದ್ರನ ಕಡೆಗೆ ಒಂದು ಯಂತ್ರ ಕಳಿಸಿದರು. ಆ ಕಾರಣ ನವೆಂಬರಿನಲ್ಲಿ ಭಾವಿಕೇರಿ ಬದಿಯ ನಮ್ಮ ಗಜನಿಯ ಕಾವಲು ಗುಡಿಸಲಿನಿಂದ ಒಂದು ಗೋಡೆಯನ್ನು ಕಾರವಾರಕ್ಕೆ ಒಯ್ದರು. ಎರಡೂ ಕೆಲಸ ಅಡಚಣೆಯಿಲ್ಲದೆ ಮುಗಿದವು.

ಗಜನಿ ಅಂದರೆ ಉಪ್ಪುನೀರಿನ ಹಳ್ಳದ ಮಗ್ಗುಲ ಗದ್ದೆ. ಸುತ್ತ ಒಡ್ಡು, ಒಳಗೆ ಕಗ್ಗ ಭತ್ತ. ಒಡ್ಡಿನ ನಡುವೆ ಒಂದು ಹಲಗೆ ಬಾಗಿಲು. ಸಮುದ್ರ ಉಬ್ಬುವ ಮೊದಲು ಹಲಗೆ ಇಳಿಸಬೇಕು, ಇಳಿತ ಆದಾಗ ಎತ್ತಬೇಕು. ನೀರು ಏರಿದ್ದು ಕಂಡ ಮೇಲೆ ಇಳಿಸಲು ಹೋದರೆ ನೀರು ದೂಡುತ್ತದೆ, ಹಲಗೆ ಕಚ್ಚಿಕೊಳ್ಳುತ್ತದೆ. ಬಹಳ ಮೊದಲೇ ಇಳಿಸಿದರೆ ಒಳಗಿನ ಮಳೆನೀರು ಹೋಗದೆ ತೆನೆ ಮೊಳೆಯುತ್ತದೆ. ಹೊತ್ತು ಸರಿ ಇರಬೇಕು. ಇಷ್ಟೇ ವಿದ್ಯೆ.

ಆ ವಿದ್ಯೆ ನನಗೆ ಬರುವುದಿಲ್ಲ. ಇಪ್ಪತ್ತೆರಡು ವರ್ಷ ಹಲಗೆ ಇಳಿಸಿದ್ದು ನಾನು. ಹೊತ್ತು ಹೇಳಿದ್ದು ನನ್ನ ಹೆಂಡತಿ ಹೊನ್ನು. ಅವಳು ಇಳಿತದಲ್ಲಿ ಹಳ್ಳಕ್ಕೆ ಹೋಗಿ ಕೆಸರಿನಿಂದ ಬಳಚಿನ ಚಿಪ್ಪು ಹೆಕ್ಕುವವಳು. ನೀರಿನ ಬುದ್ಧಿ ಅವಳಿಗೆ ಗೊತ್ತಿತ್ತು. ದೂರದಿಂದ "ಓಯ್, ಹಲಗೆ!" ಅಂತ ಕೂಗುವಳು. ನಾನು ಇಳಿಸುವೆನು.

ನನ್ನ ಕಿವಿ ಮಂದವಾದ ವರ್ಷ ಅವಳು ಗುಡಿಸಲಿನ ಗೋಡೆಯ ಮುಂದೆ ಕೂತಳು.

"ಕೂಗಿ ಕೂಗಿ ಸಾಕಾಯ್ತು ನಂಗೆ. ಇನ್ನು ನೋಡ್ಕೊ," ಅಂದಳು.

ಎಲೆಯಡಿಕೆ ಕವಳದ ಸುಣ್ಣ, ಒಂದು ಬೆರಳು. ಕೆಂಪು ಚಿರೇಕಲ್ಲಿನ ಗೋಡೆ. ಒಂದೊಂದು ಕಲ್ಲಿಗೆ ಒಂದೊಂದು ತಿಥಿ, ಪಾಡ್ಯದಿಂದ ಹುಣ್ಣಿಮೆಗೆ ಹದಿನೈದು ಕಲ್ಲು. ಕೃಷ್ಣಪಕ್ಷಕ್ಕೂ ಅವೇ ಹದಿನೈದು. ಮೇಲೆ ಆ ದಿನದ ಚಂದ್ರ. ಕೆಳಗೆ ಹಲಗೆ ಇಳಿಸುವ ಹೊತ್ತು. ಗಡಿಯಾರ ನಮ್ಮಲ್ಲಿ ಇರಲಿಲ್ಲ. ಅದಕ್ಕೆ ರೈಲು ಬರೆದಳು, ಶಾಲೆಯ ಗಂಟೆ ಬರೆದಳು, ಊಟದ ಬಟ್ಟಲು ಬರೆದಳು. ಬಸ್ಸಿನ ಮೂತಿ ಎಡಕ್ಕಿದ್ದರೆ ಕಾರವಾರಕ್ಕೆ ಹೋಗುವ ಹತ್ತರ ಬಸ್ಸು. ಬಲಕ್ಕಿದ್ದರೆ ಕಾರವಾರದಿಂದ ಬರುವ ಹನ್ನೆರಡರ ಬಸ್ಸು. ಬರೆದಾದ ಮೇಲೂ ಅವಳು ಕೂಗುವುದು ಬಿಡಲಿಲ್ಲ. ಹಾಗಾಗಿ ನಾನು ಗೋಡೆ ನೋಡಿ ಕಲಿಯಲಿಲ್ಲ.

ಯಂತ್ರ ಹೋದ ವರ್ಷದ ಆಷಾಢದಲ್ಲಿ ಅವಳು ತೀರಿಕೊಂಡಳು. ಜ್ವರ, ಮೂರು ದಿನ. ಅಲ್ಲಿಂದ ನಾನು ಪ್ರತಿ ಸಲ ಗೋಡೆ ನೋಡಿ ಹಲಗೆ ಇಳಿಸತೊಡಗಿದೆ. ನೋಡದಿದ್ದರೆ ಯಾವ ತಿಥಿಗೆ ಯಾವ ಹೊತ್ತು ಅಂತ ನೆನಪು ನಿಲ್ಲುತ್ತಿರಲಿಲ್ಲ.

ಯಂತ್ರ ಮೇಲೆ ಹೋದ ವಾರದಲ್ಲಿ ಕಾರವಾರದಲ್ಲಿ ಚಂದ್ರ ಸಮನ್ವಯ ಸಮಿತಿ ಸ್ಥಾಪನೆಯಾಯಿತು. ಸಮಿತಿಯ ಪ್ರಕಟಣೆ ಊರೂರಿಗೆ ಬಂತು. "ಚಂದ್ರನೊಂದಿಗೆ ಸಂಬಂಧ, ವ್ಯವಹಾರ ಅಥವಾ ಪೂರ್ವಪರಿಚಯ ಹೊಂದಿರುವ ವ್ಯಕ್ತಿ, ವಸ್ತು, ಸ್ಥಾವರಗಳ ಬಗ್ಗೆ ಏಳು ದಿನದೊಳಗೆ ವರದಿ ಸಲ್ಲಿಸತಕ್ಕದ್ದು. ಯಾವುದೂ ಇಲ್ಲದಿದ್ದಲ್ಲಿ, ಇಲ್ಲವೆಂಬುದನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಈ ಸ್ಪರ್ಧೆಯಲ್ಲಿ ಬೇರೆ ದೇಶಗಳು ಮುಂದೆ ಹೋಗದಂತೆ ಎಲ್ಲರೂ ಎಚ್ಚರ ವಹಿಸತಕ್ಕದ್ದು."

ಬೇಲೆಕೇರಿಯವರು ತಮ್ಮಲ್ಲಿ ಚಂದ್ರ ಕಾಣುತ್ತಾನೆ, ಆದರೆ ದಿನಾ ಅಲ್ಲ ಎಂದು ಬರೆದರು. ಹಾರವಾಡದವರು ಹುಡುಕಿ ಹುಡುಕಿ ಒಬ್ಬ ಅಜ್ಜನ ಬೋಳುತಲೆಯ ಹೆಸರು ಕೊಟ್ಟರು. ಅಂಕೋಲೆಯ ಬದಿಗೆ ಸಮಿತಿಯ ಗುಮಾಸ್ತನಾಗಿದ್ದ ಶಿವಾನಂದ ನಮ್ಮ ಒಡ್ಡಿನ ಮೇಲೆ ಹೋಗುವಾಗ ಗೋಡೆಯ ಮೇಲೆ ಹದಿನೈದು ಚಂದ್ರರನ್ನು ಕಂಡ. ಮರುದಿನ ಕಾರವಾರದಿಂದ ಸಮಿತಿಯ ಅಮಿತಾ ಮೇಡಂ ಬಂದರು.

"ಇದೆಂತದು?" ಅಂತ ಕೇಳಿದರು.

"ಬಸ್ಸು."

"ಅದರ ಮೇಲಿನದು?"

"ಚಂದ್ರ."

"ಇದು?"

"ರೈಲು."

"ಬರೆದು ಎಷ್ಟು ಕಾಲ ಆಯ್ತು?"

"ಆರು ವರ್ಷ."

ಮೇಡಂ ಶಿವಾನಂದನ ಕಡೆ ತಿರುಗಿದರು. "ಆರು ವರ್ಷದ ಹಿಂದೆಯೇ ಚಂದ್ರನಿಗೆ ಬಸ್ಸು, ರೈಲು. ಬರೀರಿ."

"ಶಾಲೆ ಗಂಟೆಯೂ ಇದೆ ಮೇಡಂ."

"ಶಿಕ್ಷಣ. ಬರೀರಿ."

ನಾನು ಹೇಳಿದೆ, "ಅಮ್ಮಾ, ಅದು ನೀರಿನ ಹೊತ್ತು. ನನ್ನ ಹೆಂಡ್ತಿ ಬರೆದದ್ದು. ಅದು ಇಲ್ದಿದ್ರೆ ಹಲಗೆ ಇಳ್ಸುಕೆ ಆಗುದಿಲ್ಲ."

ಮೇಡಂ ಕೆಟ್ಟವರಲ್ಲ. ಮೆಲ್ಲಗೆ ಹೇಳಿದರು, "ಚಂದ್ರನಲ್ಲಿ ನೀರು. ಅದನ್ನೂ ಬರೀರಿ ಶಿವಾನಂದ."

ಮೂರು ದಿನದಲ್ಲಿ ಆದೇಶವಾಯಿತು. ಸದರಿ ಗೋಡೆ ಚಂದ್ರ ಸಾರಿಗೆಯ ಮೊದಲ ನಕಾಶೆ. ಅದನ್ನು ಕಾರವಾರದ ಸಮಿತಿ ಕಚೇರಿಯಲ್ಲಿ ಇಡತಕ್ಕದ್ದು. ಪರದೇಶದವರ ಕೈಗೆ ಸಿಗಬಾರದ್ದರಿಂದ ಯಾರೂ ನಕಲು ಮಾಡತಕ್ಕದ್ದಲ್ಲ. ಗೋಡೆ ಕಳೆದುಕೊಂಡವರಿಗೆ ಗೋಡೆಯ ಬದಲು ರಸೀದಿ ನೀಡತಕ್ಕದ್ದು.

ನವಮಿಯ ದಿನ ಲಾರಿ ಬಂತು. ಕಲ್ಲುಗಳಿಗೆ ಸೀಮೆಸುಣ್ಣದಲ್ಲಿ ನಂಬರು ಹಾಕಿ ಒಂದೊಂದೇ ಬಿಡಿಸಿದರು. ಜಾಗ್ರತೆಯಿಂದಲೇ ಬಿಡಿಸಿದರು. ಹುಲ್ಲು ಹಾಸಿ ಇಟ್ಟರು. ಶಿವಾನಂದ ರಸೀದಿ ಕೊಟ್ಟ. ಗೋಡೆ ಇದ್ದ ಕಡೆ ದಾರ ಕಟ್ಟಿ ಅದನ್ನು ತೂಗುಹಾಕಿದೆ. ರಸೀದಿ ಚಿಕ್ಕದು. ಗಾಳಿ ಅದರ ಸುತ್ತಲಿಂದ ಬಂತು.

ನವಮಿ, ದಶಮಿಯ ನೀರು ಸಾಧು. ಅಂದಾಜಿನ ಮೇಲೆ ನಡೆಯಿತು. ಹುಣ್ಣಿಮೆಯ ನೀರು ಹಾಗಲ್ಲ. ಗಜನಿಯಲ್ಲಿ ಇಪ್ಪತ್ತು ಮನೆಯವರ ಕಗ್ಗ ಹಣ್ಣಾಗಿ ನಿಂತಿತ್ತು. ಹುಣ್ಣಿಮೆ ಕಳೆದು ಕೊಯ್ಲು. ಪಕ್ಕದ ಗದ್ದೆಯ ಮಂಜಿ ಬಂದು ಸೊಂಟಕ್ಕೆ ಕೈ ಇಟ್ಟು ನಿಂತಳು.

"ಓ ಬೀರಣ್ಣ, ಹುಣ್ಣಿಮೆ ನಾಡಿದ್ದು."

"ಗೊತ್ತುಂಟು."

"ನೀರು ಒಳಗೆ ಬಂದ್ರೆ ಈ ವರ್ಷ ನಾವು ಕೊಯ್ಯುದು ಭತ್ತ ಅಲ್ಲ, ಉಪ್ಪು."

"ಅದೂ ಗೊತ್ತುಂಟು."

"ಎಲ್ಲಾ ಗೊತ್ತಿದ್ರೆ ಹೊತ್ತು ಹೇಳು ಮಾರಾಯಾ!"

"ಹೊತ್ತು ಕಾರವಾರದಲ್ಲಿದೆ," ಅಂದೆ.

ಮಂಜಿ ಗೋಡೆ ಇಲ್ಲದ ಕಡೆ ನೋಡಿದಳು. ರಸೀದಿ ನೋಡಿದಳು. "ಹೋಗಿ ಬಾ ಹಾಂಗಾದ್ರೆ. ಹೊನ್ನಕ್ಕ ಇದ್ದಿದ್ರೆ ಆ ಲಾರಿಯವನಿಗೆ ಚಾ ಸಹ ಕೊಡ್ತಿರ್ಲಿಲ್ಲ. ನೀನು ಎರಡು ಸಲ ಕೊಟ್ಟೆ," ಅಂದಳು. ಅದು ನಿಜ.

ಚತುರ್ದಶಿಯ ದಿನ ಕಾರವಾರಕ್ಕೆ ಹೋದೆ. ಸಮಿತಿಯ ಬಾಗಿಲಲ್ಲಿ ಗುರುಪ್ರಸಾದ ಎಂಬ ನೌಕರ ಕೂತಿದ್ದ. ಫಾರ್ಮು ತೆಗೆದ.

"ಗೋಡೆ ನೋಡುವ ಉದ್ದೇಶ?"

"ಹಲಗೆ ಇಳ್ಸುದು."

"ಅದು ಇದ್ರಲ್ಲಿ ಇಲ್ಲ. ಮೂರೇ ಇರುದು. ಗಣ್ಯರು, ವಿದ್ಯಾರ್ಥಿಗಳು, ಸಂಬಂಧಿಕರು. ನೀವು ಗಣ್ಯರಾ?"

"ಅಲ್ಲ."

"ಶಾಲೆಗೆ ಹೋಗ್ತೀರಾ?"

"ಎರಡನೇ ಕ್ಲಾಸಿಗೆ ಬಿಟ್ಟೆ."

"ಹಾಂಗಾದ್ರೆ ಸಂಬಂಧಿಕರು ಆಗ್ಬೇಕು. ಇಲ್ಲಿ ನಿಮ್ಮ ಸಂಬಂಧ ಯಾರ ಹತ್ರ?"

"ಗೋಡೆ ಹತ್ರ."

"ಗೋಡೆಗೆ ನೀವು ಎಂತ ಆಗ್ಬೇಕು?"

ನಾನು ಯೋಚನೆ ಮಾಡಿದೆ. ಹಿಂದೆ ನಾಲ್ಕು ಮಂದಿ ಸರದಿಯಲ್ಲಿ ನಿಂತಿದ್ದರು. ಬಹಳ ಯೋಚಿಸುವ ಹಾಗೂ ಇರಲಿಲ್ಲ.

"ಗಂಡ," ಅಂದೆ.

ಗುರುಪ್ರಸಾದ ಬರೆದುಕೊಂಡ. ಪಾಸಿನಲ್ಲಿ ಹೆಸರು, ಊರು, ಅದರ ಕೆಳಗೆ ಸಂಬಂಧ: ಗೋಡೆಯ ಗಂಡ. ಮೊಹರು ಬಿತ್ತು. ಒಳಗೆ ಬಿಟ್ಟರು.

ಗೋಡೆ ಚೆನ್ನಾಗಿಯೇ ನಿಂತಿತ್ತು. ಸಿಮೆಂಟು ಹಾಕಿ ಕಟ್ಟಿದ್ದರು, ಮುಂದೆ ಹಗ್ಗ ಬಿಗಿದಿದ್ದರು. ಹುಣ್ಣಿಮೆಯ ಕಲ್ಲೊಂದನ್ನು ಮಾತ್ರ ಕೆಳಗುಮೇಲಾಗಿ ಕೂರಿಸಿದ್ದರು. ಚಂದ್ರ ಕೆಳಗೆ, ಅವನ ಮೇಲೆ ಬಸ್ಸು, ಗಾಲಿ ಆಕಾಶಕ್ಕೆ. ಪಕ್ಕದಲ್ಲಿ ಫಲಕ ಇತ್ತು. "ಚಂದ್ರನಲ್ಲಿ ಭಾರ ಕಡಿಮೆಯಾದ್ದರಿಂದ ವಾಹನಗಳು ಈ ರೀತಿ ಸಂಚರಿಸುವುದು ಸಹಜ."

ಬಸ್ಸಿನ ಮೂತಿ ಬಲಕ್ಕಿತ್ತು. ಬಲಕ್ಕಿದ್ದರೆ ಹನ್ನೆರಡರ ಬಸ್ಸು. ಆದರೆ ಕಲ್ಲು ತಿರುಗಿದೆ. ತಿರುಗಿದ ಕಲ್ಲಿನ ಬಲ ಯಾವುದು, ಎಡ ಯಾವುದು? ತಲೆಯಲ್ಲಿ ಎಷ್ಟು ತಿರುಗಿಸಿದರೂ ಬಸ್ಸು ನಿಲ್ಲಲಿಲ್ಲ. ಎರಡು ತಾಸು ತಪ್ಪಿದರೆ ಇಪ್ಪತ್ತು ಮನೆಯ ಅನ್ನ ಹೋಗುತ್ತದೆ. ಕೊನೆಗೆ ಗೋಡೆಗೆ ಬೆನ್ನು ಮಾಡಿ ನಿಂತೆ. ಬಗ್ಗಿ, ಕಾಲುಗಳ ನಡುವಿನಿಂದ ನೋಡಿದೆ.

"ಅಯ್ಯೋ, ಎಂತಾಯ್ತು? ಸೊಂಟ ಹಿಡೀತಾ?" ಗುರುಪ್ರಸಾದ ಓಡಿ ಬಂದ.

"ಬಸ್ಸು ನೋಡುದು."

ಅವನೂ ಸುತ್ತ ನೋಡಿ, ಯಾರೂ ಇಲ್ಲವೆಂದು ಬಗ್ಗಿದ. "ಹೌದಲ್ಲಾ! ಹೀಂಗೆ ನೋಡಿದ್ರೆ ಎಲ್ಲ ಸರಿ ಉಂಟು!"

ಮೂತಿ ಎಡಕ್ಕಿತ್ತು. ಹತ್ತರ ಬಸ್ಸು.

ಮರುದಿನ ಹುಣ್ಣಿಮೆ. ಹಲಗೆಯ ಮೇಲೆ ಕೈ ಇಟ್ಟು ನಿಂತೆ. ಒಡ್ಡಿನ ಮೇಲೆ ಇಪ್ಪತ್ತು ಮನೆಯವರೂ ನಿಂತರು. ಹತ್ತಕ್ಕೆ ರಸ್ತೆಯಲ್ಲಿ ಬಸ್ಸು ಹೋಯಿತು. ಯಾರೂ "ಓಯ್" ಅನ್ನಲಿಲ್ಲ. ಒಂದು ಗಳಿಗೆ ಕಾದೆ. ಆಮೇಲೆ ಇಳಿಸಿದೆ. ಹನ್ನೊಂದಕ್ಕೆ ನೀರು ಹಲಗೆಯ ಕುತ್ತಿಗೆಯವರೆಗೆ ಬಂದು ನಿಂತಿತು. ಒಳಗೆ ಬರಲಿಲ್ಲ. ನಾಲ್ಕನೇ ದಿನ ಕೊಯ್ಲು ಮಾಡಿದೆವು.

ಕಲ್ಲನ್ನು ಸರಿ ತಿರುಗಿಸಿ ಅಂತ ಶಿವಾನಂದನ ಕೈಯಲ್ಲಿ ಅರ್ಜಿ ಬರೆಸಿದೆ. ಸಮಿತಿ ಸಭೆ ಸೇರಿತು. ಕಲ್ಲು ದಾಖಲೆಯಾದ್ದರಿಂದ ತಿರುಗಿಸಲು ಬರುವುದಿಲ್ಲ, ನೋಡುವವರು ತಿರುಗಬಹುದು ಎಂದು ತೀರ್ಮಾನವಾಯಿತು. ಈಗ ಅಲ್ಲಿ ಹೊಸ ಫಲಕ ಇದೆ. "ನಕಾಶೆಯನ್ನು ಬೆನ್ನು ತಿರುಗಿಸಿ, ಬಗ್ಗಿ ವೀಕ್ಷಿಸತಕ್ಕದ್ದು." ಗಣ್ಯರು ಬಂದು ಬಗ್ಗುತ್ತಾರೆ. ಶಾಲೆಯ ಮಕ್ಕಳು ಸಾಲಾಗಿ ಬಗ್ಗುತ್ತಾರೆ. ಅಮಿತಾ ಮೇಡಂ ಸೆರಗು ಸಿಕ್ಕಿಸಿಕೊಂಡು ಬಗ್ಗಿ ತೋರಿಸಿಕೊಡುತ್ತಾರೆ.

ಗೋಡೆ ವಾಪಸು ಕೊಡಿ ಎಂದೂ ಒಂದು ಅರ್ಜಿ ಹಾಕಿದೆ. ಯಂತ್ರ ಚಂದ್ರನಿಂದ ವಾಪಸು ಬಂದ ಕೂಡಲೇ ಕೊಡುತ್ತೇವೆ ಎಂದು ಉತ್ತರ ಬಂತು. ಯಂತ್ರ ವಾಪಸು ಬರುತ್ತದೆಯೇ ಅಂತ ಗುರುಪ್ರಸಾದನನ್ನು ಕೇಳಿದೆ. ಇಲ್ಲವಂತೆ. ಹೋದದ್ದು ಹೋದದ್ದೇ ಅಂತೆ. ಅದು ನನಗೆ ತಿಳಿಯುತ್ತದೆ.

ಆದರೆ ಸಮಿತಿಯವರು ನಿಯಮಕ್ಕೆ ಒಂದು ತಿದ್ದುಪಡಿ ಮಾಡಿದ್ದಾರೆ. ಗೋಡೆಯನ್ನು ಯಾರೂ ಮುಟ್ಟತಕ್ಕದ್ದಲ್ಲ. ಗಂಡನಾದವನು ಮಾತ್ರ ಅಮಾವಾಸ್ಯೆ, ಹುಣ್ಣಿಮೆಗಳ ಹಿಂದಿನ ದಿನ, ನೌಕರರ ಸಮಕ್ಷಮ, ಒಂದು ಬೆರಳಿನಿಂದ ಮುಟ್ಟಬಹುದು. ಗುರುಪ್ರಸಾದ ಹಗ್ಗ ಎತ್ತಿ ಹಿಡಿಯುತ್ತಾನೆ. ಆಗ ಅವನು ಕಿಟಕಿಯ ಹೊರಗೆ ನೋಡುತ್ತಾನೆ. ಅದು ನಿಯಮದಲ್ಲಿ ಇಲ್ಲ. ಸುಣ್ಣದ ಗೆರೆ ತೆಳುವು. ನನ್ನ ಬೆರಳು ಅದಕ್ಕೆ ದಪ್ಪವಾಗುತ್ತದೆ.

ಊರಲ್ಲಿ ಈಗ ಯಾರಿಗೂ ಇದು ವಿಶೇಷವಲ್ಲ. ಚತುರ್ದಶಿ ಬಂದರೆ ಮಂಜಿ ಗದ್ದೆಯಿಂದಲೇ ಕೂಗುತ್ತಾಳೆ. ನನ್ನ ಕಿವಿಗೆ ಬೀಳುವಷ್ಟು ಜೋರಾಗಿ ಕೂಗುತ್ತಾಳೆ.

"ಓಯ್, ಬೀರಣ್ಣ! ಮನೆಯವರನ್ನ ನೋಡುಕೆ ಎಷ್ಟು ಗಂಟೆಗೆ ಹೋಗುದು?"

"ಹತ್ತರ ಬಸ್ಸಿಗೆ," ಅನ್ನುತ್ತೇನೆ.