ಅರೋ, ಅರೋಲಾ ಮತ್ತು ಶನಿವಾರದ ಸೌನಾ

ತೈಸ್ಟೊ ಅರೋಲಾನ ಗ್ರಹಚಾರ ಕೆಟ್ಟದ್ದು ಅವನ ಹೆಸರಿನ ಬಾಲದಿಂದ.

ತಾಂಪೆರೆ ನಗರದಲ್ಲಿ ಅವನಿದ್ದ ವಠಾರದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಹಬೆಸ್ನಾನದ ಕೋಣೆ, ಸೌನಾ, ಇತ್ತು. ಸರದಿ ಹಂಚಲು ತೈಸ್ಟೊ ಜಾವಾಸ್ಕ್ರಿಪ್ಟ್‌ನಲ್ಲಿ ಪ್ರೋಗ್ರಾಂ ಬರೆದಿದ್ದ. ಸಿದ್ಧ ಕೋಡ್‌ಗಳ ಲೈಬ್ರರಿಯೊಂದರಿಂದ ಅಕ್ಷರ ಹೋಲಿಸುವ ತುಣುಕು, ಪದ ಹೋಲಿಸುವ ತುಣುಕು ಆಯ್ದು ಹೂವಿನಂತೆ ಪೋಣಿಸಿದ್ದ. ಅದು ನಿವಾಸಿಗಳ ಸಂದೇಶ ಓದಿ, ಹೆಸರು ಗುರುತಿಸಿ ಬಾಗಿಲು ತೆರೆಯುತ್ತಿತ್ತು.

ಈ ಶನಿವಾರ ಸಂಜೆ ಅವನೇ ಸರದಿ ಕೇಳಿದ್ದ. ಅವನು ಮೆಚ್ಚಿದ ಹೆಲ್ಕಾಳ ಅಪ್ಪ, ಹಡಗಿನ ಕ್ಯಾಪ್ಟನ್ ಆಗಿದ್ದ ವಿಧುರ ಯಲ್ಮಾರಿ, ಜೊತೆಗೆ ಕೂತು ಬೆವರಿ ಅಳಿಯನಾಗಬೇಕಾದವನನ್ನು ಪರೀಕ್ಷಿಸುವವರಿದ್ದರು. ತೈಸ್ಟೊ ಹಗಲೆಲ್ಲ ಕನಸು ಕಂಡ: ಹಬೆ ಮೋಡದಂತೆ ಏಳುತ್ತದೆ, ಮೋಡದೊಳಗಿಂದ ಮುದುಕರು "ಹೂಂ" ಅನ್ನುತ್ತಾರೆ, ಹೊರಗೆ ಸರೋವರದ ಮೇಲೆ ಬೇಸಿಗೆಯ ಬೆಳಕು ಮುಳುಗಲು ಮರೆತು ತೇಲುತ್ತದೆ...

ಟವೆಲ್ ಸುತ್ತಿಕೊಂಡು ಇಬ್ಬರೂ ಕೆಳಗಿಳಿದರೆ ಒಳಗಿನಿಂದ ಹಾಡು ಕೇಳಿಸಿತು.

"ಯಾರ್ರೀ ಒಳಗೆ?"

"ನಾನು ಕಣಪ್ಪ, ಮೇಲಿನ ಮನೆ ಕಿರ್ಸ್ತಿ ಅರೋ! ಸರದಿ ನಂದು ಅಂತ ನಿನ್ ಪ್ರೋಗ್ರಾಮೇ ಹೇಳ್ತಲ್ಲ!"

ತೈಸ್ಟೊಗೆ ಹೊಳೆಯಿತು. ಹೋಲಿಸುವ ಹೆಸರುಗಳ ಪಟ್ಟಿಯಲ್ಲಿ "ಅರೋಲಾ"ಗಿಂತ "ಅರೋ" ಮೊದಲಿತ್ತು. ತನ್ನ ಸಂದೇಶದಲ್ಲಿ ಅಷ್ಟು ಸಿಕ್ಕಿದ್ದೇ ತಡ ಪ್ರೋಗ್ರಾಂ ತೃಪ್ತಿಪಟ್ಟು, "ಲಾ" ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

"ಒಂದ್ನಿಮಿಷ ಕ್ಯಾಪ್ಟನ್ರೇ, ಉದ್ದದ ಹೆಸರನ್ನ ಮುಂದೆ ಹಾಕ್ತೀನಿ."

ಲ್ಯಾಪ್‌ಟಾಪ್ ತಂದು ಮೆಟ್ಟಿಲ ಮೇಲೆ ಕೂತು ತಿದ್ದಿದ. ಬಾಗಿಲು ಅರೋಲಾನ ಸರದಿಯೆಂದು ತಟ್ಟನೆ ತೆರೆಯಿತು. ಅದಕ್ಕೆ ಒರಗಿದ್ದ ಕ್ಯಾಪ್ಟನ್ ಮೂಟೆಯಂತೆ ಒಳಗುರುಳಿದರು. ಅರೋಲಾ ಒಳಬಂದನೆಂದುಕೊಂಡು ಬಾಗಿಲು ಮತ್ತೆ ಬೀಗ ಜಡಿದುಕೊಂಡಿತು.

"ಅಯ್ಯಯ್ಯೋ, ಗಂಡಸು!" ಕಿರ್ಸ್ತಿ ಕಿರುಚಿದರು.

ಪಕ್ಕದ ಮನೆಯ ಪೆಂಟಿ ಇಣುಕಿದ. "ಏನಯ್ಯಾ, ಮಾವನ್ನ ಬೇಯಿಸ್ತಿದೀಯಾ?"

ತೈಸ್ಟೊ ನೆಲಮಾಳಿಗೆಯ ತಂಪಿಗೆ ಹಲ್ಲು ಕಟಕಟಿಸುತ್ತ ಪ್ರೋಗ್ರಾಂನ ಸಾಲುಗಳನ್ನು ಹಿಂದೆಮುಂದೆ ಮಾಡಿದ. ಒಳಗೆ ಕಿರುಚಾಟ ನಿಂತು ಮಾತು ಕೇಳಿಸಿತು, ಮಾತು ನಗುವಾಯಿತು, ಆಮೇಲೆ ಜೋಡಿ ಹಾಡು.

ಕಡೆಗೂ ಬಾಗಿಲು ತೆರೆದಾಗ ಯಲ್ಮಾರಿ ಟೊಮೇಟೊದಂತೆ ಕೆಂಪಾಗಿ ಹೊರಬಂದರು, ಕಿರ್ಸ್ತಿಯ ಕೈ ಹಿಡಿದು.

"ಅಳಿಯಾ, ನೀನು ಪಾಸು! ನಾವಿಬ್ರೂ ಮದುವೆ ಆಗ್ತಿದೀವಿ."

ಕಾಫಿ ತಂದಿದ್ದ ಹೆಲ್ಕಾ ಕಣ್ಣೊರೆಸಿಕೊಂಡಳು.

"ನಿನ್ನ ಉಪಕಾರ ಮರೆಯಲ್ಲ ತೈಸ್ಟೊ. ಅಪ್ಪನ್ನ ಒಬ್ಬರನ್ನೇ ಬಿಟ್ಟು ಹೋಗೋದ್ ಹೆಂಗೆ ಅಂತ ಇಲ್ಲೇ ಉಳ್ಕೊಂಡಿದ್ದೆ. ಇನ್ನು ನೆಮ್ಮದಿಯಾಗಿ ಉತ್ತರಕ್ಕೆ ಹೋಗ್ತೀನಿ, ಹಿಮಸಾರಂಗ ಸಾಕೋಕೆ."

"ಮತ್ತೆ ನಮ್ಮ ಮದುವೆ?"

"ಅಪ್ಪಂದು ಆಗ್ತಿದೆಯಲ್ಲ!"

ಮೂವರೂ ನಗುತ್ತ ಮೆಟ್ಟಿಲು ಹತ್ತಿದರು. ಪೆಂಟಿ ತೈಸ್ಟೊನ ಬೆನ್ನು ತಟ್ಟಿದ: "ಹೋಗಪ್ಪ, ಒಳಗಿನ್ನೂ ಬಿಸಿ ಇದೆ."