ಒಪ್ಪತ್ತು ಹಿಡಿದವನ ಗುಳಿಗೆ

ಡಾಕ್ಟರು ಹೇಳಿದ್ದನ್ನು ಅಕ್ಷರಶಃ ಪಾಲಿಸುವ ರೋಗಿ ಮಸ್ಕಿಯಲ್ಲಿ ಯಾರಾದರೂ ಇದ್ದರೆ ಅದು ನಾನೊಬ್ಬನೇ ಎಂದು ತಿಳಿದಿದ್ದೆ. ಹಾಗೆ ಪಾಲಿಸಿದ್ದರಿಂದಲೇ ಕೆಟ್ಟೆ!

ಬಜಾರದಲ್ಲಿ ನನ್ನದೊಂದು ಸೀರೆ ಅಂಗಡಿ. ಬೇಸಿಗೆಯಿಂದಲೂ ಹೊಟ್ಟೆ ಉರಿಯುತ್ತಿತ್ತು. ಉರಿ ಇಳಿಯಲೆಂದು ಮನೆದೇವರಿಗೆ ಹರಕೆ ಹೊತ್ತೆ. ಶ್ರಾವಣದಿಂದ ದೀಪಾವಳಿಯವರೆಗೆ ಒಪ್ಪತ್ತು. ಅಂದರೆ ಸಂಜೆ ಪೂಜೆ ಮುಗಿದ ಮೇಲೆ ದಿನಕ್ಕೊಂದೇ ಊಟ. ನನ್ನ ಹೆಂಡತಿ ಗಿರಿಜಾ ದೇವರನ್ನು ನಂಬಿದಷ್ಟು ನನ್ನನ್ನು ನಂಬುವವಳಲ್ಲ. ಶ್ರಾವಣ ಹಿಡಿಯುತ್ತಲೇ ಸಿಂಧನೂರಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು.

ಗಂಟಲಲ್ಲಿ ಪೈಪು ಇಳಿಬಿಟ್ಟು ನೋಡಿದ ಡಾಕ್ಟರು, "ಹೊಟ್ಟ್ಯಾಗ ಹುಣ್ಣಾಗೈತ್ರಿ. ಒಂದು ನಮೂನಿ ಕ್ರಿಮಿ ಸೇರಿಕೊಂಡಾವ" ಅಂದರು.

ನಾನು ಖಟ್ಲೆ ಗೆದ್ದವನಂತೆ ಗಿರಿಜಾಳ ಕಡೆ ತಿರುಗಿದೆ. "ಕೇಳಿದೇನು? ಕ್ರಿಮಿ! ಇಷ್ಟು ದಿನ ಸುಮ್ಮನ ನನ್ನ ಮಿರ್ಚಿ ಮ್ಯಾಲೆ ಆಪಾದನಿ ಹೊರಿಸಿದಿ."

"ಮಿರ್ಚಿನೂ ಬಿಡ್ರಿ" ಅಂದರು ಡಾಕ್ಟರು. "ಈ ಗುಳಿಗಿ ಎರಡು ವಾರ. ಮುಂಜಾನಿ ಊಟ ಆದಮ್ಯಾಲೆ, ಸಂಜಿ ಊಟ ಆದಮ್ಯಾಲೆ. ಒಂದೂ ತಪ್ಪಬಾರದು. ನಡುವ ಬಿಟ್ರ ಕ್ರಿಮಿ ಸಾಯಂಗಿಲ್ಲ, ಔಷಧಕ್ಕ ಬಗ್ಗದಂಗ ಗಟ್ಟಿ ಆಗ್ತಾವ."

ಮರುದಿನ ಬೆಳಿಗ್ಗೆ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಗಂಭೀರವಾಗಿ ಆಲೋಚಿಸಿದೆ. ಊಟ ಆದ ಮೇಲೆ ನುಂಗಬೇಕು. ನನ್ನದು ಒಪ್ಪತ್ತು, ಬೆಳಿಗ್ಗೆ ಊಟವಿಲ್ಲ. ಊಟವೇ ಇಲ್ಲದವನಿಗೆ 'ಊಟ ಆದ ಮೇಲೆ' ಎಂಬುದು ಎಲ್ಲಿಂದ ಬರಬೇಕು? ವಕೀಲನಾಗಬೇಕಿದ್ದವನು ಸೀರೆ ಮಾರುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಕನಿಕರ ಬಂತು! ಗುಳಿಗೆಯನ್ನು ದೇವರ ಜಗಲಿಯ ಮೇಲಿನ ಹಳೆಯ ವಿಭೂತಿ ಡಬ್ಬಿಯಲ್ಲಿಟ್ಟು, ದೇವರಿಗೆ ಕೈಮುಗಿದು ಅಂಗಡಿಗೆ ನಡೆದೆ. ದಿನವೂ ಹೀಗೇ ನಡೆಯಿತು.

ಹಗಲೆಲ್ಲ ಕಟ್ಟುನಿಟ್ಟಿನ ಉಪವಾಸ. ಬರೀ ಚಹಾ. ಸೀರೆ ಕೊಳ್ಳಲು ಬಂದವರಿಗೆ ತರಿಸಿದಾಗ ಒಂದು ಕಪ್ಪು, ಕೊಳ್ಳದೆ ಎದ್ದು ಹೋದ ದುಃಖಕ್ಕೆ ಇನ್ನೊಂದು. ಚಹಾ ಊಟದ ಲೆಕ್ಕಕ್ಕೆ ಬರುವುದಿಲ್ಲ ಎಂಬ ವಿಷಯದಲ್ಲಿ ನಮ್ಮ ಬಜಾರದಲ್ಲಿ ಭಿನ್ನಾಭಿಪ್ರಾಯವಿಲ್ಲ. ಸಂಜೆ ಮಾತ್ರ ಒಂದೇ ಊಟದಲ್ಲಿ ಎರಡೂಟದ ಕೆಲಸ ಮುಗಿಸಬೇಕಲ್ಲ! ಜೋಳದ ರೊಟ್ಟಿ, ಎಣ್ಣೆಗಾಯಿ, ಪಕ್ಕದಲ್ಲಿ ಕೆಂಪು ಚಟ್ನಿ.

"ಗುಳಿಗಿ ತಗೊಂಡ್ರೇನು?" ಎಂದು ಗಿರಿಜಾ ಕೇಳುತ್ತಿದ್ದಳು.

"ಊಟ ಆದಮ್ಯಾಲೆ ತಪ್ಪದಂಗ ತಗೊಂಡೀನಿ" ಅನ್ನುತ್ತಿದ್ದೆ. ಒಂದಕ್ಷರ ಸುಳ್ಳಿಲ್ಲ!

ವಾರ ಕಳೆಯುವಷ್ಟರಲ್ಲಿ ಉರಿ ಇಳಿಯಿತು. ಹುಷಾರಾದವನಿಗೆ ಔಷಧವೇಕೆ ಎಂದು ಸಂಜೆಯ ಗುಳಿಗೆಗೂ ರಜೆ ಕೊಟ್ಟೆ.

ಅನಾಹುತ ಕಾದಿದ್ದದ್ದು ಲಿಂಗಸುಗೂರಿನಲ್ಲಿ. ಅಲ್ಲಿ ಗಿರಿಜಾಳ ಅಣ್ಣನ ಮಗಳ ನಿಶ್ಚಯ. ಹಿರಿಯನೆಂದು ನನ್ನನ್ನು ನಡುವೆ ಕೂರಿಸಿದ್ದರು. ಬೀಗರು ಎಲೆಅಡಿಕೆ ಚಾಚಿ, "ನಮ್ಮ ಹುಡುಗ ನಿಮಗ ಒಪ್ಪಿಗಿ ಐತೇನ್ರಿ?" ಎಂದು ಕೇಳಿದರು. ಸರಿಯಾಗಿ ಆಗಲೇ ಹೊಟ್ಟೆಯಲ್ಲಿ ಕೊಳ್ಳಿ ಇಟ್ಟಂತಾಯಿತು. ನನ್ನ ಮುಖ ಕಿವುಚಿಕೊಂಡಿತು. ಬೀಗರ ಕೈ ಅಲ್ಲೇ ನಿಂತಿತು.

"ಯಾಕ್ರೀ? ಹುಡುಗನ ಬಗ್ಗೆ ಏನರೆ ಕೇಳೀರೇನು?"

'ಏನಿಲ್ಲ' ಅನ್ನಲು ಬಾಯಿ ತೆರೆದೆ. "ಅಯ್ಯಯ್ಯೋ!" ಎಂಬುದಷ್ಟೇ ಹೊರಬಂತು.

ಬೀಗತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ವರ ತಲೆತಗ್ಗಿಸಿದ. ಗಿರಿಜಾಳ ಅಣ್ಣ ನನ್ನನ್ನು ನುಂಗುವಂತೆ ನೋಡಿದ. ನಾನು ಪಕ್ಕಕ್ಕೆ ಉರುಳಿದ ಮೇಲಷ್ಟೇ ದೋಷ ಹುಡುಗನದ್ದಲ್ಲ, ನನ್ನ ಹೊಟ್ಟೆಯದ್ದು ಎಂದು ಸಭೆಗೆ ಖಾತ್ರಿಯಾಯಿತು.

ಕಾರಿನಲ್ಲಿ ಸಿಂಧನೂರಿಗೆ ಕರೆದೊಯ್ದರು. ದಾರಿಯಲ್ಲಿ ಮಸ್ಕಿ ಬಂದಾಗ, "ಮನ್ಯಾಗ ಗುಳಿಗಿ ಅದಾವ, ವಿಭೂತಿ ಡಬ್ಬಿ ತಗೊಂಬಾ" ಎಂದು ನರಳಿದೆ. ಗಿರಿಜಾ ಡಬ್ಬಿ ತೆರೆದು ಒಳಗಿದ್ದ ಗುಳಿಗೆಗಳನ್ನು ಒಂದೊಂದಾಗಿ ಎಣಿಸಿದಳು. ಅದನ್ನು ಒಯ್ದು ಡಾಕ್ಟರ ಮೇಜಿನ ಮೇಲೆ ಸುರಿದಳು.

ನನ್ನ ವಾದವನ್ನೆಲ್ಲ ಡಾಕ್ಟರು ತಾಳ್ಮೆಯಿಂದ ಕೇಳಿದರು. ಆಮೇಲೆ, "ಅಲ್ರೀ, ನಿಮ್ಮ ಹೊಟ್ಟ್ಯಾಗಿನ ಕ್ರಿಮಿನೂ ಒಪ್ಪತ್ತು ಹಿಡಿದಿದ್ವೇನು?" ಅಂದರು.

ಮತ್ತೆ ಪೈಪು. ಕ್ರಿಮಿಗಳು ಸುಖವಾಗಿದ್ದವು! ಹುಣ್ಣು ದೊಡ್ಡದಾಗಿತ್ತು, ಇನ್ನಷ್ಟು ಬಿಟ್ಟಿದ್ದರೆ ರಕ್ತ ಒಸರುತ್ತಿತ್ತಂತೆ. ಹಳೆಯ ಗುಳಿಗೆಗೆ ಅವು ಬಗ್ಗುವುದಿಲ್ಲವೆಂದು ಬೇರೆ ಗುಳಿಗೆ ಬರೆದರು, ಮತ್ತೆ ಎರಡು ವಾರಕ್ಕೆ. ಗಿರಿಜಾ ಆ ಚೀಟಿಯನ್ನು ಎರಡೆರಡು ಸಲ ಓದಿ ಸೆರಗಿನ ತುದಿಗೆ ಗಂಟು ಹಾಕಿಕೊಂಡದ್ದನ್ನು ನಾನು ಆಗ ನೋಡಿದೆ. ನನ್ನ ತಮಾಷೆ ಅಲ್ಲಿಗೆ ನಿಂತಿತು.

ಮನೆಗೆ ಬಂದ ಮೇಲೆ ಮೆಲ್ಲಗೆ ಕೇಳಿದೆ, "ಹರಕಿ ಮುರಿದ್ರ ದೇವರು ಏನಂದಾನು?"

"ಉಳಿದ ಒಪ್ಪತ್ತು ನಾ ಹಿಡೀತೀನಿ. ದೇವರಿಗೆ ನಾನ ಹೇಳ್ಕೋತೀನಿ. ನೀವು ಎರಡೂ ಹೊತ್ತು ಉಣ್ರಿ, ಎರಡೂ ಹೊತ್ತು ನುಂಗ್ರಿ."

"ನನ್ನ ಹರಕಿ ನೀ ಯಾಕ..."

"ಸೀರಿ ಮಾರಾಕ ಮತ್ತೊಬ್ರು ಸಿಗ್ತಾರ" ಎಂದು ಮುಖ ಆಚೆ ತಿರುಗಿಸಿದಳು. "ನೀವು ಎಲ್ಲಿ ಸಿಗ್ತೀರಿ?"

ಅಂದಿನಿಂದ ದಿನಾ ಬೆಳಿಗ್ಗೆ ಅವಳು ಮೆತ್ತನೆಯ ಅನ್ನ ಮಜ್ಜಿಗೆ ಬಡಿಸಿ, ತಾನು ಹಸಿದುಕೊಂಡು ಎದುರಿಗೆ ಕೂರುತ್ತಿದ್ದಳು. ಗುಳಿಗೆ ನುಂಗಿದ ಮೇಲೆ ಬಾಯಿ ತೆರೆಸಿ ನಾಲಿಗೆಯ ಕೆಳಗೂ ಇಣುಕುತ್ತಿದ್ದಳು. ಹೊಸ ಗುಳಿಗೆಗೆ ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಾಗುತ್ತಿತ್ತು. ಆದರೂ ಅವಳ ಒಣಗಿದ ತುಟಿ ನೋಡಿದ ಮೇಲೆ ಒಂದು ಹೊತ್ತೂ ತಪ್ಪಿಸುವ ಮನಸ್ಸಾಗಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿಯೂ ಇವಳು ಇಂಥವಳೆಂದು ತಿಳಿಯಲು ನನಗೆ ಒಂದು ಹುಣ್ಣು ಬೇಕಾಯಿತಲ್ಲ!

ದೀಪಾವಳಿಯ ಮುಂಚೆ ಮತ್ತೆ ಪರೀಕ್ಷೆಯಾಯಿತು. ಒಂದು ಕ್ರಿಮಿಯೂ ಉಳಿದಿರಲಿಲ್ಲ, ಹುಣ್ಣು ಮಾಯ್ದಿತ್ತು. ಗಿರಿಜಾ ಆಸ್ಪತ್ರೆಯ ಬಾಗಿಲಲ್ಲೇ ಅತ್ತುಬಿಟ್ಟಳು. ಲಿಂಗಸುಗೂರಿನ ಹುಡುಗನಿಗೂ ನನ್ನ ಬಾಯಿಂದ ಒಪ್ಪಿಗೆ ಸಿಕ್ಕಿತು, ಈ ಸಲ ನಗುಮುಖದಿಂದ.

ಹಬ್ಬ ಕಳೆದ ಮರುದಿನ ಅವಳ ಒಪ್ಪತ್ತು ಮುಗಿದಿತ್ತು. ಮೊದಲ ಬೆಳಗಿನ ತಿಂಡಿ ನನ್ನ ಕೈಯಾರೆ ಆಗಬೇಕೆಂದು ಜನ್ಮದಲ್ಲಿ ಮೊದಲ ಬಾರಿ ಒಲೆಯ ಮುಂದೆ ನಿಂತು ಮಂಡಕ್ಕಿ ಒಗ್ಗರಣೆ ಮಾಡಿದೆ. ಖಾರ ಬಿಟ್ಟವನಾದ್ದರಿಂದ ರುಚಿ ನೋಡಲಿಲ್ಲ. ಮೆಣಸಿನಕಾಯಿ ಮಾತ್ರ ಕೃತಜ್ಞತೆಯ ಅಳತೆಯಲ್ಲಿ ಹಾಕಿದ್ದೆ!

ಗಿರಿಜಾ ಒಂದು ಕಾಳೂ ಬಿಡದೆ ತಿಂದಳು. ಒಂದು ಲೋಟ ನೀರು ಕುಡಿದಳು. ಇನ್ನೊಂದು ಕುಡಿದಳು. ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಎದೆಯೂ ತುಂಬಿ ಬಂತು.

"ಹೆಂಗಾಗೈತಿ?" ಅಂದೆ.

"ಬಾಳ ಚಲೋ ಆಗೈತ್ರಿ" ಎಂದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಸಿಂಧನೂರು ಡಾಕ್ಟರು ಇವತ್ತು ಇರ್ತಾರೇನು?"